ಒಂದೇ ತಟ್ಟೆ, ಎರಡು ಉಪಗ್ರಹ: ಮಾಳಿಗೆಯ ಮೇಲಿನ ಒಂದು ಲೆಕ್ಕ ಪರಿಶೋಧನೆ

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ನಡೆಸುವ ಹಳೆಯ ಮಿತ್ರರೊಬ್ಬರು ಪ್ರತಿವರ್ಷ ತಮ್ಮ ಲೆಕ್ಕಪತ್ರಗಳನ್ನು ನನ್ನ ಬಳಿ ತರುತ್ತಾರೆ. ಒಮ್ಮೆ ಅವರ ಖರ್ಚಿನ ಖಾತೆಯನ್ನು ತಿರುವಿ ಹಾಕುತ್ತಿದ್ದಾಗ ‘ಡಿಶ್’ ಎಂಬ ಬಾಬತ್ತು ಮೂರು ಬೇರೆ ಬೇರೆ ವರ್ಷಗಳಲ್ಲಿ ಮೂರು ಬಾರಿ ಕಂಡಿತು. ಇದೇನೆಂದು ಕೇಳಿದಾಗ ಅವರು ನಕ್ಕು, “ಏನ್ ಹೇಳ್ಲಿ ಆಡಿಟರ್ ಸಾರ್, ಮಾಳಿಗೆ ಮೇಲೆ ಮೂರು ತಟ್ಟೆ ಐತೆ, ಒಂದರಲ್ಲೂ ಊಟ ಇಲ್ಲ” ಎಂದರು.

ವಿಷಯ ಇಷ್ಟೇ. ಮೊದಲನೆಯ ತಟ್ಟೆ ಒಂದು ಚಂದಾ ಸೇವೆಯದು. ಗೂಡಿನ ದರ ಏರಿ ನೂಲಿನ ದರ ಇಳಿದ ತಿಂಗಳುಗಳಲ್ಲಿ ಚಂದಾ ಕಟ್ಟುವುದು ತಪ್ಪಿಹೋಗಿ ಅದು ನಿಂತಿತು. ಹಬ್ಬದ ರಿಯಾಯಿತಿಗೆ ಮನಸೋತು ಮತ್ತೊಂದು ಸಂಸ್ಥೆಯ ತಟ್ಟೆ ಹಾಕಿಸಿದರು. ಅದೂ ಹಾಗೆಯೇ ನಿಂತಿತು. 2020ರ ಲಾಕ್‌ಡೌನ್ ಕಾಲದಲ್ಲಿ ಚಂದಾ ಇಲ್ಲದ ಡಿಡಿ ಫ್ರೀ ಡಿಶ್ ಹಾಕಿಸಿದರು. ಅದು ಗಾಳಿಗೆ ಅಲುಗಾಡಿ ದಿಕ್ಕು ತಪ್ಪಿತ್ತು. ಮನೆಯಲ್ಲಿ ವೃದ್ಧ ತಾಯಿಗೆ ಕನ್ನಡ ಧಾರಾವಾಹಿ ಬೇಕು, ಬಿ.ಕಾಂ. ಓದುವ ಮಗನಿಗೆ ಪಾಠದ ವಾಹಿನಿ ಬೇಕು. ಬೆಳಗಾದರೆ ಮಾರುಕಟ್ಟೆಯಲ್ಲಿ ಗೂಡಿಗೆ ನಗದು ಹೊಂದಿಸಬೇಕಾದ ಯಜಮಾನರಿಗೆ ಇನ್ನೊಂದು ತಟ್ಟೆಯ ಖರ್ಚು ಬೇಡ. ಆಗ ನಮ್ಮ ಮುಂದೆ ಬಂದ ಪ್ರಶ್ನೆಯೇ ಈ ಲೇಖನದ ವಸ್ತು: ಒಂದೇ ತಟ್ಟೆಯಿಂದ ಒಂದಕ್ಕಿಂತ ಹೆಚ್ಚು ಉಪಗ್ರಹಗಳನ್ನು ಪಡೆಯಲು ಸಾಧ್ಯವೇ? ಸಾಧ್ಯವಾದರೆ ಅದರಿಂದ ನಿಜವಾದ ಉಳಿತಾಯವೆಷ್ಟು?

ಹತ್ತು ಅಡಿಯಿಂದ ಎರಡು ಅಡಿಗೆ

1975ರ ಆಗಸ್ಟ್ 15ರಂದು ನಮ್ಮ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡ ‘ಶೋಲೆ’ ತೆರೆಕಂಡದ್ದು ಎಲ್ಲರಿಗೂ ಗೊತ್ತು. ಅದೇ ತಿಂಗಳ 1ರಂದು ಮತ್ತೊಂದು ಪ್ರದರ್ಶನ ಆರಂಭವಾದದ್ದು ಅಷ್ಟಾಗಿ ನೆನಪಿನಲ್ಲಿಲ್ಲ. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಬಳಸಿಕೊಂಡು ಇಸ್ರೋ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನ ತಲುಪಿಸಿತು. ನಮ್ಮ ರಾಜ್ಯದ ರಾಯಚೂರು, ಗುಲಬರ್ಗಾ, ಬಿಜಾಪುರ ಭಾಗದ ಹಳ್ಳಿಗಳು ಅದರಲ್ಲಿದ್ದವು. ಅಂದು ಬಳಸಿದ ತಟ್ಟೆ ಕೋಳಿಗೂಡಿನ ಜಾಲರಿಯಿಂದ ಮಾಡಿದ್ದು. ವ್ಯಾಸ 3 ಮೀಟರು, ಅಂದರೆ ಸುಮಾರು ಹತ್ತು ಅಡಿ. ಇಂದು ಮನೆಮನೆಯ ಮೇಲಿರುವ ತಟ್ಟೆ 60 ಸೆಂಟಿಮೀಟರು, ಎರಡೇ ಅಡಿ.

ನಡುವಿನ ಹಾದಿ ಸರಳವಾಗಿರಲಿಲ್ಲ. 1997ರಲ್ಲಿ ಕೇಂದ್ರ ಸರ್ಕಾರ ನೇರ ಮನೆಗೆ ಬರುವ ಉಪಗ್ರಹ ಪ್ರಸಾರವನ್ನು ನಿಷೇಧಿಸಿತ್ತು. 2000ದ ನವೆಂಬರಿನಲ್ಲಿ ಅನುಮತಿ ದೊರೆಯಿತು. 2003ರಲ್ಲಿ ಡಿಶ್ ಟಿವಿ, 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಸೇವೆ, 2006ರಲ್ಲಿ ಟಾಟಾ ಸ್ಕೈ, ಆನಂತರ ಸನ್ ಡೈರೆಕ್ಟ್, ಏರ್‌ಟೆಲ್, ವಿಡಿಯೋಕಾನ್ ಡಿ2ಎಚ್ ಒಂದರ ಹಿಂದೊಂದು ಬಂದವು. ಪ್ರತಿಯೊಂದೂ ತನ್ನದೇ ಪೆಟ್ಟಿಗೆ, ತನ್ನದೇ ತಟ್ಟೆಯೊಡನೆ ಬಂದಿತು. ಸಂಸ್ಥೆ ಬದಲಿಸಿದಾಗಲೆಲ್ಲ ಗ್ರಾಹಕನು ಹೊಸ ತಟ್ಟೆ ಹಾಕಿಸಿ ಹಳೆಯದನ್ನು ಮಾಳಿಗೆಯ ಮೇಲೆ ಬಿಟ್ಟ. ಚನ್ನಪಟ್ಟಣದಲ್ಲಾಗಲಿ ಮಾಗಡಿಯಲ್ಲಾಗಲಿ ಎತ್ತರದ ಕಟ್ಟಡವೊಂದನ್ನು ಹತ್ತಿ ನೋಡಿದರೆ ತುಕ್ಕು ಹಿಡಿದ ಇಂಥ ತಟ್ಟೆಗಳು ಸಾಲುಸಾಲಾಗಿ ಕಾಣುತ್ತವೆ. ಇವೆಲ್ಲ ನಾವೇ ಹಣ ಕೊಟ್ಟು ಕೊಂಡು ಕೈಬಿಟ್ಟ ಆಸ್ತಿಗಳು.

ತಟ್ಟೆ ಯಾರದೂ ಅಲ್ಲ

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ತಟ್ಟೆ ಎಂಬುದು ಕೇವಲ ಕನ್ನಡಿ. ಅದರ ಮೇಲೆ ಯಾವ ಸಂಸ್ಥೆಯ ಹೆಸರನ್ನು ಬರೆದಿದ್ದರೂ ಅದು ತನಗೆ ಎದುರಾದ ಉಪಗ್ರಹದ ಅಲೆಗಳನ್ನು ಒಂದು ಬಿಂದುವಿನಲ್ಲಿ ಕೂಡಿಸುತ್ತದೆ. ಆ ಬಿಂದುವಿನಲ್ಲಿರುವ ಎಲ್‌ಎನ್‌ಬಿ ಎಂಬ ಸಾಧನ ಆ ಕ್ಷೀಣ ಅಲೆಗಳನ್ನು ವರ್ಧಿಸಿ, ತಂತಿಯಲ್ಲಿ ಹರಿಯಬಲ್ಲ ತರಂಗವಾಗಿ ಮಾರ್ಪಡಿಸಿ ಕೆಳಗೆ ಕಳುಹಿಸುತ್ತದೆ. ಗ್ರಾಹಕನನ್ನು ಒಂದು ಸಂಸ್ಥೆಗೆ ಕಟ್ಟಿಹಾಕುವುದು ತಟ್ಟೆಯಲ್ಲ. ಕೆಳಗಿರುವ ಸೆಟ್‌ಟಾಪ್ ಪೆಟ್ಟಿಗೆ ಮತ್ತು ಅದರೊಳಗಿನ ಗೂಢಲಿಪಿಯ ಬೀಗ.

ಈ ಉಪಗ್ರಹಗಳೆಲ್ಲ ಸಮಭಾಜಕ ವೃತ್ತದ ನೇರಕ್ಕೆ 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಗತಿಯಲ್ಲಿಯೇ ಸುತ್ತುತ್ತವೆ. ಆದುದರಿಂದ ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ ಇರುತ್ತವೆ. ಪ್ರತಿಯೊಂದಕ್ಕೂ ರೇಖಾಂಶದಲ್ಲಿ ಹೇಳುವ ಒಂದು ವಿಳಾಸವಿದೆ. ಇಸ್ರೋದ ಇಂತಹ ಉಪಗ್ರಹಗಳನ್ನು ಅವುಗಳ ವಿಳಾಸದಲ್ಲಿ ನಿಲ್ಲಿಸುವ ಪ್ರಧಾನ ನಿಯಂತ್ರಣ ಕೇಂದ್ರ 1982ರಿಂದ ನಮ್ಮ ಹಾಸನದಲ್ಲಿದೆ ಎಂಬುದು ಹೆಮ್ಮೆಯ ಸಂಗತಿ.

ರಾಮನಗರದಿಂದ ನೋಡಿದಾಗ ಮುಖ್ಯ ವಿಳಾಸಗಳ ದಿಕ್ಕು ಮತ್ತು ಎತ್ತರವನ್ನು ಲೆಕ್ಕ ಹಾಕಿ ಕೆಳಗೆ ಕೊಟ್ಟಿದ್ದೇನೆ. ದಿಕ್ಕನ್ನು ಉತ್ತರದಿಂದ ಪೂರ್ವದ ಕಡೆಗೆ ಎಣಿಸಬೇಕು. ಎತ್ತರವನ್ನು ದಿಗಂತದಿಂದ ಎಣಿಸಬೇಕು.

83 ಡಿಗ್ರಿ ಪೂರ್ವ (ಟಾಟಾ ಪ್ಲೇ): ದಿಕ್ಕು 156, ಎತ್ತರ 74.
88 ಡಿಗ್ರಿ (ಡಿ2ಎಚ್): ದಿಕ್ಕು 139, ಎತ್ತರ 71.
91.5 ಡಿಗ್ರಿ (ಸನ್ ಡೈರೆಕ್ಟ್): ದಿಕ್ಕು 131, ಎತ್ತರ 68.
93.5 ಡಿಗ್ರಿ (ಡಿಡಿ ಫ್ರೀ ಡಿಶ್): ದಿಕ್ಕು 127, ಎತ್ತರ 66.
95 ಡಿಗ್ರಿ (ಡಿಶ್ ಟಿವಿ): ದಿಕ್ಕು 125, ಎತ್ತರ 65.
108.2 ಡಿಗ್ರಿ (ಏರ್‌ಟೆಲ್): ದಿಕ್ಕು 110, ಎತ್ತರ 51.

ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಈ ಅಂಕಿಗಳು ಒಂದು ಡಿಗ್ರಿಯಷ್ಟೂ ಬದಲಾಗುವುದಿಲ್ಲ. ಎತ್ತರದ ಅಂಕಿಗಳನ್ನು ನೋಡಿದರೆ ನಮಗಿರುವ ಒಂದು ಅನುಕೂಲ ತಿಳಿಯುತ್ತದೆ. ಉಪಗ್ರಹಗಳು ಬಹುತೇಕ ನಡುನೆತ್ತಿಯ ಸಮೀಪವೇ ಇರುವುದರಿಂದ ಸಾವನದುರ್ಗವಾಗಲಿ ರಾಮದೇವರ ಬೆಟ್ಟವಾಗಲಿ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ತಟ್ಟೆಗಿಂತ ಹತ್ತು ಅಡಿ ಎತ್ತರದ ಗೋಡೆ ಐದು ಅಡಿ ದೂರದಲ್ಲಿದ್ದರೂ 93.5 ಡಿಗ್ರಿಯ ಉಪಗ್ರಹಕ್ಕೆ ತೊಂದರೆಯಿಲ್ಲ. ಅಡ್ಡ ಬರುವುದು ಮಾಳಿಗೆಯ ಮೇಲಕ್ಕೇ ಬಾಗಿದ ತೆಂಗಿನ ಗರಿ ಮಾತ್ರ.

ಒಂದು ತಟ್ಟೆ, ಎರಡು ಕಣ್ಣು

ತಟ್ಟೆಯ ಕೇಂದ್ರಬಿಂದುವಿನಲ್ಲಿ ಒಂದು ಎಲ್‌ಎನ್‌ಬಿ ಇರುತ್ತದೆ. ಅದರ ಪಕ್ಕದಲ್ಲಿ, ಲೆಕ್ಕಕ್ಕೆ ಸರಿಯಾದ ಅಂತರದಲ್ಲಿ ಇನ್ನೊಂದನ್ನು ಕಟ್ಟಿದರೆ ಅದು ಪಕ್ಕದ ಉಪಗ್ರಹವನ್ನು ನೋಡುತ್ತದೆ. ಕೇಂದ್ರದಿಂದ ದೂರ ಸರಿದಷ್ಟೂ ಶಕ್ತಿ ಸ್ವಲ್ಪ ಕುಂದುತ್ತದೆ. ಇದನ್ನು ಸರಿದೂಗಿಸಲು ತಟ್ಟೆ ದೊಡ್ಡದಿರಬೇಕು, 60 ಸೆಂ.ಮೀ. ತಟ್ಟೆಗಿಂತ 90 ಸೆಂ.ಮೀ. ತಟ್ಟೆ ಎರಡೂಕಾಲು ಪಟ್ಟು ಹೆಚ್ಚು ಅಲೆಗಳನ್ನು ಹಿಡಿಯುತ್ತದೆ. ಇಲ್ಲವೇ ತಟ್ಟೆಯನ್ನು ಎರಡು ಉಪಗ್ರಹಗಳ ನಡುವಿನ ದಿಕ್ಕಿಗೆ ತಿರುಗಿಸಿ, ಪಾಲುದಾರರು ನಷ್ಟವನ್ನು ಸಮನಾಗಿ ಹಂಚಿಕೊಂಡಂತೆ ಎರಡೂ ಎಲ್‌ಎನ್‌ಬಿಗಳನ್ನು ಕೇಂದ್ರದ ಆಚೆ ಈಚೆ ಇಡಬಹುದು.

ನನ್ನ ಮಿತ್ರರ ಮನೆಗೆ ಬೇಕಾಗಿದ್ದುದು 93.5 ಡಿಗ್ರಿಯ ಫ್ರೀ ಡಿಶ್ ಮತ್ತು 83 ಡಿಗ್ರಿಯಲ್ಲಿದ್ದ ಅವರ ಹಳೆಯ ಚಂದಾ ಸೇವೆ. ಮೂರು ತಟ್ಟೆಗಳಲ್ಲಿ ದೊಡ್ಡದನ್ನು ಆರಿಸಿ, ಗೋಡೆಗೆ ಭದ್ರವಾಗಿ ಕೂರಿಸಿ, ಕಂಬ ನೆಟ್ಟಗಿದೆಯೇ ಎಂದು ರಸಮಟ್ಟದಿಂದ ಪರೀಕ್ಷಿಸಿದೆವು. ಫ್ರೀ ಡಿಶ್ ಅನ್ನು ಕೇಂದ್ರಕ್ಕೆ ಹೊಂದಿಸಲು ಕಾಲು ಗಂಟೆಯೂ ಬೇಕಾಗಲಿಲ್ಲ. ಎರಡನೆಯ ಎಲ್‌ಎನ್‌ಬಿ ಎಷ್ಟು ದೂರ ಇರಬೇಕೆಂದು ಅಳೆಯಲು ಚನ್ನಪಟ್ಟಣದ ಆಟಿಕೆ ಕುಶಲಕರ್ಮಿಯೊಬ್ಬರು ಲೇತಿನಲ್ಲಿ ಹಾಲೆ ಮರದ ಬಿಲ್ಲೆಯೊಂದನ್ನು ಕಡೆದು ಕೊಟ್ಟರು. ಅಳತೆ ಸರಿಹೋದ ಮೇಲೆ ಅದರಂತೆ ಲೋಹದ ಪಟ್ಟಿ ಮಾಡಿಸುವುದು ನಮ್ಮ ಯೋಜನೆಯಾಗಿತ್ತು.

ಆಮೇಲೆ ಎರಡು ಗಂಟೆ ಕಾಲ ಬಿಸಿಲಿನಲ್ಲಿ ನಿಂತರೂ ಎರಡನೆಯ ಉಪಗ್ರಹ ಸಿಗಲಿಲ್ಲ. ತಪ್ಪು ನನ್ನದೇ. ಯೂರೋಪಿನ ಕೈಪಿಡಿಯೊಂದರ ಚಿತ್ರ ನೋಡಿ, ಎರಡು ಎಲ್‌ಎನ್‌ಬಿಗಳನ್ನು ಅಡ್ಡಕ್ಕೆ ಒಂದೇ ಮಟ್ಟದಲ್ಲಿ ಕಟ್ಟಿಸಿದ್ದೆ. ಅಲ್ಲಿ ಉಪಗ್ರಹಗಳ ಸಾಲು ದಕ್ಷಿಣ ದಿಗಂತದ ಮೇಲೆ ತಗ್ಗಾಗಿ ಹಾಯುವುದರಿಂದ ಆ ಚಿತ್ರ ಅವರಿಗೆ ಸರಿ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ನಮ್ಮಲ್ಲಿ ಆ ಸಾಲು ಪೂರ್ವದಿಂದ ನೆತ್ತಿಯ ಕಡೆಗೆ ಕಡಿದಾಗಿ ಏರುತ್ತದೆ. 93.5 ಡಿಗ್ರಿಗೆ ಮುಖ ಮಾಡಿ ನಿಂತರೆ 83 ಡಿಗ್ರಿಯ ಉಪಗ್ರಹ ಬಲಕ್ಕೂ ಇದೆ, ಮೇಲಕ್ಕೂ ಇದೆ. ಓರೆ ಸುಮಾರು 50 ಡಿಗ್ರಿ. ತಟ್ಟೆ ಕನ್ನಡಿಯಾದುದರಿಂದ ಎಲ್ಲವೂ ತಿರುಗುಮುರುಗು. ಬಲಕ್ಕಿರುವ ಉಪಗ್ರಹಕ್ಕೆ ಎಲ್‌ಎನ್‌ಬಿ ಎಡಕ್ಕೆ, ಮೇಲಿರುವುದಕ್ಕೆ ಕೆಳಕ್ಕೆ. ಹೀಗೆ ಎಡಕ್ಕೂ ಕೆಳಕ್ಕೂ ಓರೆಯಾಗಿ, ಕೇಂದ್ರದಿಂದ ಅಂಗೈ ಅಗಲದಷ್ಟು ದೂರದಲ್ಲಿ ಹಿಡಿದ ಕೂಡಲೇ ಪೆಟ್ಟಿಗೆಯ ಪರದೆಯಲ್ಲಿ ಗುಣಮಟ್ಟದ ಪಟ್ಟಿ ಏರಿತು. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಮೆಲ್ಲಗೆ ತಿರುಗಿಸಿದಾಗ ಇನ್ನೂ ಏರಿತು. ಸದಸ್ಯ ಮಿತ್ರರು ಬೇರೇನು ಮರೆತರೂ ಈ ಓರೆಯನ್ನು ಮರೆಯಬಾರದು.

ಕೆಲವು ಮಿತಿಗಳು

ಆರು ವಿಳಾಸಗಳನ್ನು ಕಂಡು ಆರು ಎಲ್‌ಎನ್‌ಬಿ ಕಟ್ಟಬಹುದೆಂದು ಯಾರೂ ಭಾವಿಸಬಾರದು. 91.5, 93.5 ಮತ್ತು 95 ಡಿಗ್ರಿಗಳ ನಡುವೆ ಅಂತರ ಎಷ್ಟು ಕಡಿಮೆಯೆಂದರೆ, ಮನೆಯ ತಟ್ಟೆಯಲ್ಲಿ ಅವುಗಳ ಬಿಂದುಗಳು ಒಂದರಿಂದ ಒಂದು ಎರಡು ಸೆಂಟಿಮೀಟರಿನಷ್ಟೂ ದೂರ ಇರುವುದಿಲ್ಲ. ಎರಡು ಎಲ್‌ಎನ್‌ಬಿಗಳ ಮೂತಿಗಳು ಅಲ್ಲಿ ಒಟ್ಟಿಗೆ ಹಿಡಿಸಲಾರವು. 83 ಮತ್ತು 93.5, ಅಥವಾ 83 ಮತ್ತು 88 ಇಂತಹ ಜೋಡಿಗಳು ಕಾರ್ಯಸಾಧ್ಯ. 108.2 ಡಿಗ್ರಿ ಬಹಳ ದೂರವಾಗುವುದರಿಂದ ಅದಕ್ಕೆ ಪ್ರತ್ಯೇಕ ತಟ್ಟೆಯೇ ಲೇಸು.

ಹಲವು ಎಲ್‌ಎನ್‌ಬಿಗಳನ್ನು ಒಂದೇ ತಂತಿಗೆ ಕೂಡಿಸಲು ಡೈಸೆಕ್ ಎಂಬ ಚಿಕ್ಕ ಸ್ವಿಚ್ಚು ದೊರೆಯುತ್ತದೆ. ಪೆಟ್ಟಿಗೆಯಿಂದ ತಂತಿಯ ಮೂಲಕವೇ ಹೋಗುವ ಸಂಕೇತಕ್ಕೆ ಅನುಗುಣವಾಗಿ ಅದು ಬೇಕಾದ ಎಲ್‌ಎನ್‌ಬಿಯನ್ನು ಜೋಡಿಸುತ್ತದೆ. ಮುಕ್ತ ಮಾರುಕಟ್ಟೆಯ ಪೆಟ್ಟಿಗೆಗಳಿಗೆ ಇದು ಉಪಯುಕ್ತ. ಚಂದಾ ಸೇವೆಯ ಪೆಟ್ಟಿಗೆಗೆ ಮಾತ್ರ ಬೇರೆ ತಂತಿಯನ್ನೇ ಎಳೆಯುವುದು ಕ್ಷೇಮ. ನಾವೂ ಎರಡು ತಂತಿ, ಎರಡು ಪೆಟ್ಟಿಗೆ ಎಂಬ ಸರಳ ಕ್ರಮವನ್ನೇ ಅನುಸರಿಸಿದೆವು.

ಜೋರು ಮಳೆಯಲ್ಲಿ ಕೆಯು ಬ್ಯಾಂಡಿನ ಅಲೆಗಳನ್ನು ನೀರಿನ ಹನಿಗಳು ಹೀರುವುದರಿಂದ ಚಿತ್ರ ಒಡೆಯುತ್ತದೆ. ಪಕ್ಕದ ಎಲ್‌ಎನ್‌ಬಿಯಲ್ಲಿ ಇದು ಮೊದಲು ಕಾಣುತ್ತದೆ. ಮಾರ್ಚ್ ಮಧ್ಯಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯನು ಉಪಗ್ರಹದ ಹಿಂದೆಯೇ ಬರುವ ಕೆಲವು ದಿನ, ದಿನಕ್ಕೆ ಕೆಲವು ನಿಮಿಷ ಚಿತ್ರ ಹೋಗಬಹುದು. ಇದು ಯಾರ ತಪ್ಪೂ ಅಲ್ಲ. ತಂತ್ರಜ್ಞರನ್ನು ಕರೆಸಿ ಹಣ ಕೊಡುವ ಅಗತ್ಯವಿಲ್ಲ. ತಟ್ಟೆಯ ಕಂಬಕ್ಕೆ ಭೂಸಂಪರ್ಕ ಕೊಡಿಸುವುದನ್ನು, ಗುಡುಗು ಸಿಡಿಲಿನ ವೇಳೆ ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸುವುದನ್ನು ಮಾತ್ರ ಮರೆಯಬಾರದು.

2010ರ ಪಾಠ

ಒಂದೇ ಮೂಲವನ್ನು ನಂಬಿದರೆ ಏನಾಗಬಹುದು ಎಂಬುದಕ್ಕೆ 2010ರ ಜುಲೈ 7ರ ಘಟನೆ ನಿದರ್ಶನ. ಅಂದು ಇನ್ಸ್ಯಾಟ್-4ಬಿ ಉಪಗ್ರಹದ ಸೌರಫಲಕದ ವಿದ್ಯುತ್ ಪೂರೈಕೆಯಲ್ಲಿ ದೋಷ ಕಂಡು ಅದರ ಅರ್ಧದಷ್ಟು ಪ್ರೇಷಕಗಳನ್ನು ನಿಲ್ಲಿಸಬೇಕಾಯಿತು. ಅದರ ಮೂಲಕ ಪ್ರಸಾರ ಮಾಡುತ್ತಿದ್ದ ಸನ್ ಡೈರೆಕ್ಟ್ ತನ್ನ ಸೇವೆಯನ್ನು 91.5 ಡಿಗ್ರಿಯ ಮೀಸ್ಯಾಟ್-3 ಉಪಗ್ರಹಕ್ಕೆ ವರ್ಗಾಯಿಸಿತು. ಎರಡೇ ಡಿಗ್ರಿಯ ವ್ಯತ್ಯಾಸವಾದರೂ ಗ್ರಾಹಕರ ತಟ್ಟೆಗಳನ್ನು ಹೊಸ ದಿಕ್ಕಿಗೆ ಹೊಂದಿಸಬೇಕಾಯಿತು. 93.5 ಡಿಗ್ರಿಯಲ್ಲಿ ಈಗ ಫ್ರೀ ಡಿಶ್ ಅನ್ನು ಹೊತ್ತಿರುವುದು 2015ರ ನವೆಂಬರಿನಲ್ಲಿ ಉಡಾವಣೆಯಾದ ಜಿಸ್ಯಾಟ್-15. ಉಪಗ್ರಹಕ್ಕೂ ಆಯುಷ್ಯವಿದೆ, ಕಾಯಿಲೆಯಿದೆ. ಒಬ್ಬನೇ ಗಿರಾಕಿಗೆ ನೂಲು ಮಾರುವ, ಒಂದೇ ಅಂಗಡಿಗೆ ಆಟಿಕೆ ಒದಗಿಸುವ ತಯಾರಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕಪುಸ್ತಕದ ಮಾತು

ಈಗ ಹಣದ ವಿಚಾರ. ಚಂದಾ ತಿಂಗಳಿಗೆ 300 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 3,600, ಐದು ವರ್ಷಕ್ಕೆ 18,000 ರೂಪಾಯಿ. ಫ್ರೀ ಡಿಶ್‌ಗೆ ಮಾಸಿಕ ಚಂದಾ ಇಲ್ಲ. ಪೆಟ್ಟಿಗೆಯನ್ನು ಒಮ್ಮೆ ಕೊಂಡರೆ ಮುಗಿಯಿತು. ಅದರಲ್ಲಿ ಚಂದನ ಬರುತ್ತದೆ. 2017ರ ಜುಲೈ 9ರಂದು ಆರಂಭವಾದ ‘ಸ್ವಯಂ ಪ್ರಭಾ’ ಶೈಕ್ಷಣಿಕ ವಾಹಿನಿಗಳೂ ಜಿಸ್ಯಾಟ್-15ರಿಂದಲೇ ಬರುವುದರಿಂದ ಅದೇ ಎಲ್‌ಎನ್‌ಬಿ ಸಾಕು. ಪಾಠಗಳು ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿದ್ದರೂ ವಾಣಿಜ್ಯ ವಿದ್ಯಾರ್ಥಿಗಳಿಗೆ ಉಪಯುಕ್ತ. ಆದರೆ ಖಾಸಗಿ ಕನ್ನಡ ವಾಹಿನಿಗಳ ಧಾರಾವಾಹಿಗಳಿಗೆ ಚಂದಾ ಸೇವೆ ಬೇಕಾಗುತ್ತದೆ ಎಂಬುದನ್ನು ಮುಚ್ಚಿಡಲಾಗದು. ಹಾಗಾಗಿ ಎರಡು ಎಲ್‌ಎನ್‌ಬಿಗಳ ಲಾಭ ಚಂದಾ ಪೂರ್ತಿ ತಪ್ಪುವುದರಲ್ಲಿ ಇಲ್ಲ. ವ್ಯಾಪಾರ ಚೆನ್ನಾಗಿರುವ ತಿಂಗಳು ಚಂದಾ ಕಟ್ಟಿ, ಕೈ ಬಿಗಿಯಾದ ತಿಂಗಳು ನಿಲ್ಲಿಸಿದರೂ ಮನೆಯ ಪರದೆ ಕತ್ತಲಾಗುವುದಿಲ್ಲ. ಸೇವೆ ನಮ್ಮ ಅನುಕೂಲಕ್ಕೆ ನಿಲ್ಲುತ್ತದೆ, ಅನುಕೂಲಕ್ಕೆ ಮುಂದುವರಿಯುತ್ತದೆ. ದಿನದ ಧಾರಣೆಯ ಮೇಲೆ ಬದುಕುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ಚಂದಾ ಪೆಟ್ಟಿಗೆ ಸ್ವಂತದ್ದೋ ಬಾಡಿಗೆಯದೋ, ನಿಲ್ಲಿಸಿದ ಸೇವೆ ಮರಳಿ ಪಡೆಯಲು ಶುಲ್ಕವಿದೆಯೋ ಎಂಬುದನ್ನು ಮಾತ್ರ ರಸೀದಿ ನೋಡಿ ಖಚಿತಪಡಿಸಿಕೊಳ್ಳಬೇಕು.

ವೃತ್ತಿಬಾಂಧವನಾಗಿ ಮೂರು ಎಚ್ಚರಿಕೆಗಳನ್ನು ಹೇಳುವುದು ನನ್ನ ಕರ್ತವ್ಯ.

ಮೊದಲನೆಯದು, ಮನೆಯ ತಟ್ಟೆ, ಮನೆಯ ಚಂದಾ ಇವು ಅಂಗಡಿಯ ಖರ್ಚಲ್ಲ. ಅಂಗಡಿಯ ಹಣದಿಂದ ಕೊಟ್ಟಿದ್ದರೆ ಅದನ್ನು ಮಾಲೀಕರ ಸ್ವಂತ ಖಾತೆಗೆ ಖರ್ಚು ಬರೆಯಬೇಕು. ಅದರ ಮೇಲಿನ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುವಂತಿಲ್ಲ. ಸ್ವಂತ ಬಳಕೆಯ ಸರಕು ಸೇವೆಗಳಿಗೆ ಕಾಯಿದೆಯ 17(5)ನೇ ವಿಧಿ ಅಡ್ಡ ಬರುತ್ತದೆ.

ಎರಡನೆಯದು, ಹೆದ್ದಾರಿ ಬದಿಯ ಹೋಟೆಲು ಅಥವಾ ವಸತಿಗೃಹದಲ್ಲಿ ಗಿರಾಕಿಗಳಿಗಾಗಿ ದೂರದರ್ಶನ ಇಡುವುದು ವ್ಯಾಪಾರದ ಖರ್ಚೇ ಹೌದು. ಆದರೆ ಮನೆಯ ದರದ ಚಂದಾ ಪೆಟ್ಟಿಗೆಯನ್ನು ಅಲ್ಲಿಗೆ ಒಯ್ಯಬಾರದು. ವಾಣಿಜ್ಯ ಸಂಪರ್ಕವನ್ನೇ ಪಡೆಯಬೇಕು.

ಮೂರನೆಯದು, ತಟ್ಟೆಯಿಂದ ಅಕ್ಕಪಕ್ಕದ ಹತ್ತು ಮನೆಗಳಿಗೆ ತಂತಿ ಎಳೆದು ಹಣ ಪಡೆಯಲು ಹೊರಟರೆ 1995ರ ಕೇಬಲ್ ದೂರದರ್ಶನ ಜಾಲಗಳ ನಿಯಂತ್ರಣ ಕಾಯಿದೆಯಂತೆ ನೋಂದಣಿ ಕಡ್ಡಾಯ. ಮನೆಯ ಸಲಕರಣೆ ಅಲ್ಲಿಗೆ ಉದ್ಯಮವಾಗುತ್ತದೆ.

ಕೊನೆಗೆ ನನ್ನ ಮಿತ್ರರ ವಿಷಯ. ಎಲ್ಲವೂ ಸರಿಯಾದ ಮೇಲೆ ತಾತ್ಕಾಲಿಕವಾಗಿ ಇಟ್ಟಿದ್ದ ಹಾಲೆ ಮರದ ಬಿಲ್ಲೆಯನ್ನು ತೆಗೆದು ವೆಲ್ಡಿಂಗ್ ಅಂಗಡಿಯಲ್ಲಿ ಓರೆಯಾದ ಪಟ್ಟಿ ಮಾಡಿಸಿದೆವು. ತಾಯಿಯ ಧಾರಾವಾಹಿಗೂ ಮಗನ ಪಾಠಕ್ಕೂ ವ್ಯವಸ್ಥೆಯಾಯಿತು. ಉಳಿದ ಎರಡು ತಟ್ಟೆಗಳನ್ನು ಅವರು ಗುಜರಿಗೆ ಹಾಕಿ, ಬಂದ ಅಲ್ಪ ಹಣವನ್ನು ಎಣಿಸುತ್ತಾ, “ಆಡಿಟರ್ ಸಾರ್, ಇದನ್ನ ಯಾವ ಖಾತೆಗೆ ಜಮಾ ಮಾಡ್ಲಿ?” ಎಂದು ಕೇಳಿದರು. ಮೂರು ವರ್ಷ ಅಂಗಡಿಯ ಖರ್ಚೆಂದು ಬರೆದದ್ದನ್ನು ಮೊದಲು ಸ್ವಂತ ಖಾತೆಗೆ ತಿದ್ದೋಣ, ಆಮೇಲೆ ಜಮೆಯ ಮಾತು ಎಂದೆ. ಅವರು ನಗುತ್ತಲೇ ಒಪ್ಪಿಕೊಂಡರು.